ಸಮೆ, ಕಾಮಾಕ್ಷಿ ದೀಪ, ತೂಗುದೀಪ, ಗಾಜಿನ ಅಖಂಡ ದೀಪ: ದೇವರ ಮುಂದೆ ಯಾವುದು ಚೆನ್ನಾಗಿ ನಿಲ್ಲುತ್ತದೆ?

ಪೂಜೆಗೆ ಕೂತಾಗ ದೇವರಿಗಿಂತ ಮೊದಲು ನಾವು ಕೈಮುಗಿಯುವುದು ದೀಪಕ್ಕೆ. ಹಚ್ಚಿ, ಅರಿಶಿನ ಕುಂಕುಮ ಇಟ್ಟು, ಒಂದು ಹೂವು ಏರಿಸಿ, ‘ಯಾವತ್ ಕರ್ಮಸಮಾಪ್ತಿಃ ಸ್ಯಾತ್ ತಾವತ್ ತ್ವಂ ಸುಸ್ಥಿರೋ ಭವ’ ಎಂದು ಕೇಳಿಕೊಳ್ಳುತ್ತೇವೆ. ಈ ಕೆಲಸ ಮುಗಿಯುವ ತನಕ ಅಲುಗಾಡದೆ ಇರು ತಾಯಿ, ಅಂತ. ಅದೇ ಮಂತ್ರ ದೀಪವನ್ನು ಕರ್ಮಸಾಕ್ಷಿ ಎಂದು ಕರೆಯುತ್ತದೆ. ನಾವು ಮಾಡುವ ಪೂಜೆಗೆ ಅದೇ ಸಾಕ್ಷಿ. ಸಾಕ್ಷಿ ನಡುವೆ ಎದ್ದು ಹೋಗಬಾರದು ಅಲ್ವಾ? ಹಾಗಾಗಿ ಹಿತ್ತಾಳೆ ದೀಪ ನೋಡುವಾಗ ನನ್ನ ಮೊದಲ ಪ್ರಶ್ನೆ ಇದೇ: ಎಷ್ಟು ಹೊತ್ತು, ಎಷ್ಟು ನೆಟ್ಟಗೆ ಉರಿಯುತ್ತದೆ? ಕೆತ್ತನೆ, ಹೊಳಪು, ಹಕ್ಕಿ, ಆನೆ ಎಲ್ಲಾ ಆಮೇಲೆ.

ಬೆಳಗಾವಿಯಲ್ಲಿ ಆಯ್ಕೆಗೆ ಕೊರತೆ ಇಲ್ಲ. ಮಹಾರಾಷ್ಟ್ರ, ಗೋವಾ ಎರಡೂ ಪಕ್ಕದಲ್ಲೇ ಇರುವುದರಿಂದ ಎಲ್ಲಾ ಕಡೆಯ ಪದ್ಧತಿ ಇಲ್ಲಿ ಬಂದು ಸೇರಿದೆ. ಖಡೇಬಜಾರ, ಗಣಪತಿ ಗಲ್ಲಿ ಒಂದು ಸುತ್ತು ಹಾಕಿದರೆ ಕಂಬದ ಮೇಲೆ ತಟ್ಟೆ ಇರುವ ಸಮೆ, ಹಳೆ ವಾಡೆಗಳಲ್ಲಿ ತೂಗುತ್ತಿದ್ದ ಲಾಮಣದೀಪ, ತಮಿಳುನಾಡಿನ ಕಾಮಾಕ್ಷಿ ದೀಪ, ಉತ್ತರ ಪ್ರದೇಶದ ಮುರಾದಾಬಾದಿನ ಹೊಳೆಯುವ ಮಾಲು ಎಲ್ಲಾ ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಹೆಚ್ಚಿನವು ನಮ್ಮ ಮನೆಯಲ್ಲಿ, ಇಲ್ಲವೇ ವಿಜಯಪುರ ಕಡೆಯ ನಮ್ಮ ಬಂಧುಗಳ ಮನೆಯಲ್ಲಿ ಹಲವು ವರ್ಷಗಳಿಂದ ಉರಿಯುತ್ತಿವೆ. ಎಲ್ಲವನ್ನೂ ನಾನೇ ಹಚ್ಚಿದ್ದೇನೆ, ನಾನೇ ತಿಕ್ಕಿದ್ದೇನೆ.

ಮೊದಲು ಸಮೆ. ನಮ್ಮದು ಎರಕದ್ದು. ಒಂದು ಅಡಿಗಿಂತ ಸ್ವಲ್ಪ ಎತ್ತರ, ತುದಿಯಲ್ಲಿ ಹಂಸ. ಬಿಚ್ಚಿದರೆ ನಾಲ್ಕು ಭಾಗ: ಅಗಲವಾದ ಪೀಠ, ಗಂಟುಗಂಟಾದ ಕಂಬ, ಬತ್ತಿ ಇಡುವ ಐದು ಮೂಗಿನ ತಟ್ಟೆ, ಮೇಲೆ ಹಂಸ. ಎಲ್ಲಾ ತಿರುಪಿನಲ್ಲಿ ಕೂಡುತ್ತವೆ. ಪೀಠ ಬ್ರಹ್ಮ, ಕಂಬ ವಿಷ್ಣು, ತಟ್ಟೆ ಶಿವ ಎಂದು ಹಿರಿಯರು ಹೇಳುತ್ತಾರೆ. ಐದು ಬತ್ತಿ ಅಂದರೆ ಪಂಚಭೂತ. ಹಾಲು ನೀರು ಬೇರೆ ಮಾಡುವ ಹಂಸ ವಿವೇಕದ ಗುರುತು. ಈ ಅರ್ಥಗಳನ್ನು ನಾನು ಮನಸಾರೆ ನಂಬುತ್ತೇನೆ. ಆದರೆ ದಿನಾ ಕೈಯಲ್ಲಿ ಹಿಡಿದವರಿಗೆ ಇನ್ನೂ ಒಂದು ಸಂಗತಿ ಕಾಣುತ್ತದೆ. ಈ ಅಲಂಕಾರದಲ್ಲಿ ಒಂದೂ ಸುಮ್ನೆ ಇಟ್ಟದ್ದಲ್ಲ. ಎಣ್ಣೆ ಮೆತ್ತಿದ ಕೈಯಿಂದ ಜಾರದಂತೆ ಕಂಬದ ಗಂಟುಗಳು ಹಿಡಿತ ಕೊಡುತ್ತವೆ. ಮೇಲಿಂದ ತೊಟ್ಟಿಕ್ಕಿದ ಎಣ್ಣೆ ಜಗಲಿಗೆ ಇಳಿಯದಂತೆ ಪೀಠದ ಅಂಚು ತಡೆಯುತ್ತದೆ. ಬತ್ತಿ ಹಿಂದೆ ಜಾರಿ ಎಣ್ಣೆಯಲ್ಲಿ ಮುಳುಗದಂತೆ ತಟ್ಟೆಯ ಮೂಗನ್ನು ಹಿಂಡಿರುತ್ತಾರೆ. ಹಂಸದ ಕುತ್ತಿಗೆ ಹಿಡಿದು ತಿರುಗಿಸಿದರೆ ತಟ್ಟೆ ಬಿಡುಗಡೆ ಆಗುತ್ತದೆ, ಸ್ವಚ್ಛ ಮಾಡಲು ಸುಲಭ.

ಸಮೆಯ ದೊಡ್ಡ ಗುಣ ಅದರ ತಟ್ಟೆ. ಅಗಲ ಇದೆ, ಆಳ ಇಲ್ಲ. ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರಿಕೊಂಡೇ ಉರಿಯಬೇಕು. ಎಣ್ಣೆಯ ಮಟ್ಟ ಕೆಳಗೆ ಹೋದಷ್ಟೂ ಹೀರುವ ದೂರ ಜಾಸ್ತಿ ಆಗುತ್ತದೆ, ಕುಡಿ ಸಣ್ಣದಾಗುತ್ತದೆ. ಆಳವಾದ ಸಣ್ಣ ಬಟ್ಟಲಿನಲ್ಲಿ ಮಟ್ಟ ಬೇಗ ಇಳಿಯುತ್ತದೆ. ಅಗಲವಾದ ತಟ್ಟೆಯಲ್ಲಿ ಅಷ್ಟೇ ಎಣ್ಣೆ ಖರ್ಚಾದರೂ ಮಟ್ಟ ಇಳಿಯುವುದು ಕೂದಲೆಳೆಯಷ್ಟು. ಅದಕ್ಕೇ ಸಮೆಯ ಕುಡಿ ಮೊದಲಿಂದ ಕೊನೆತನಕ ಹೆಚ್ಚುಕಡಿಮೆ ಒಂದೇ ಎತ್ತರ ನಿಲ್ಲುತ್ತದೆ. ಬೆಳಕು ನಾಲ್ಕೂ ಕಡೆ ಬೀಳುತ್ತದೆ. ಹಬ್ಬದ ದಿನ ಐದೂ ಬತ್ತಿ ಹಚ್ಚಿ ದೇವರ ಎಡಬಲಕ್ಕೆ ಜೋಡಿ ಸಮೆ ಇಟ್ಟಾಗ ಬರುವ ಕಳೆ ಬೇರೆ ಯಾವ ದೀಪದಿಂದಲೂ ಬರುವುದಿಲ್ಲ.

ತೊಂದರೆ ಇರುವುದು ತಿರುಪಿನಲ್ಲಿ. ಬಿಗಿ ಇಲ್ಲದಿದ್ದರೆ ಎಣ್ಣೆ ನಿಧಾನವಾಗಿ ಕಂಬದ ಮೇಲೆ ಇಳಿಯುತ್ತದೆ. ಸಂಜೆ ಗೊತ್ತಾಗುವುದಿಲ್ಲ, ಮುಂಜಾನೆ ಪೀಠದಲ್ಲಿ ಎಣ್ಣೆ ನಿಂತಿರುತ್ತದೆ. ತಿರುಪಿಗೆ ಹತ್ತಿಯ ಒಂದು ಎಳೆ ಸುತ್ತಿ ಬಿಗಿ ಮಾಡಿದರೆ ನಿಲ್ಲುತ್ತದೆ, ಆದರೆ ಪ್ರತಿಸಲ ತೊಳೆದಾಗಲೂ ಮತ್ತೆ ಸುತ್ತಬೇಕು. ಐದು ಬತ್ತಿ ದಿನಾ ಹಚ್ಚಿದರೆ ಎಣ್ಣೆಯ ಖರ್ಚೂ ಜಾಸ್ತಿ. ದಿನದ ಪೂಜೆಗೆ ಎರಡೆಳೆ ಜೋಡಿಸಿದ ಒಂದೇ ಬತ್ತಿ ಹಾಕಿ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಇಟ್ಟರೆ ಸಾಕು.

ಇನ್ನು ಕಾಮಾಕ್ಷಿ ದೀಪ. ನಮ್ಮ ಕಡೆ ಇತ್ತೀಚೆಗೆ ಬಹಳ ಮನೆಗಳಿಗೆ ಬಂದಿದೆ, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಕೊಡುವವರೂ ಜಾಸ್ತಿ. ಎಲೆಯಾಕಾರದ ಒಂದು ಬಟ್ಟಲು, ಒಂದೇ ಮೂಗು, ಹಿಂದೆ ಕಮಾನಿನಂಥ ಫಲಕ. ಹೆಸರು ಕಾಮಾಕ್ಷಿ ಆದರೂ ಫಲಕದಲ್ಲಿ ಹೆಚ್ಚಾಗಿ ಇರುವುದು ಗಜಲಕ್ಷ್ಮಿ: ನಡುವೆ ಕಮಲದ ಮೇಲೆ ಕೂತ ದೇವಿ, ಎರಡೂ ಬದಿಯಿಂದ ನೀರೆರೆಯುವ ಆನೆಗಳು. ತಮಿಳು ಮನೆಗಳಲ್ಲಿ ಹೊಸ ಸೊಸೆ ಇದನ್ನು ಕೈಯಲ್ಲಿ ಹಿಡಿದು ಒಳಗೆ ಬರುತ್ತಾಳೆ. ಕೈಯಲ್ಲಿ ಹಿಡಿಯಲೆಂದೇ ಮಾಡಿದ ದೀಪ ಇದು, ತಗ್ಗಾಗಿ, ಗಟ್ಟಿಯಾಗಿ ಕೂರುತ್ತದೆ.

ಎರಡನ್ನೂ ಒಂದೇ ಜಗಲಿಯ ಮೇಲೆ, ಅದೇ ಎಣ್ಣೆ, ಅದೇ ಬತ್ತಿ ಹಾಕಿ ಅಕ್ಕಪಕ್ಕ ಹಚ್ಚಿ ನೋಡಿದ್ದೇನೆ. ಕಿಟಕಿಯಿಂದ ಗಾಳಿ ಬಂದಾಗ ಗೆಲ್ಲುವುದು ಕಾಮಾಕ್ಷಿ. ಹಿಂದಿನ ಫಲಕ ಗಾಳಿಗೆ ಗೋಡೆಯಂತೆ ನಿಲ್ಲುತ್ತದೆ. ಜೂನ್‌ ಜುಲೈಯ ಬೆಳಗಾವಿ ಮಳೆಗಾಳಿಯಲ್ಲಿ ಸಮೆಯ ಕುಡಿ ಒಂದು ಕಡೆ ಮಲಗಿಬಿಡುತ್ತದೆ, ಕಾಮಾಕ್ಷಿಯದು ಸ್ವಲ್ಪ ನಡುಗಿ ಮತ್ತೆ ನೆಟ್ಟಗಾಗುತ್ತದೆ. ಎರಡು ಮೂರು ಚಮಚ ಎಣ್ಣೆಯಲ್ಲಿ ದೀಪ ಹಚ್ಚುವ ಹೊತ್ತಿನಿಂದ ರಾತ್ರಿ ಊಟದ ತನಕ ನಡೆಯುತ್ತದೆ. ತೊಳೆಯಲು ಬಿಚ್ಚುವ ಕೆಲಸವಿಲ್ಲ, ತಿರುಪೇ ಇಲ್ಲದ ಮೇಲೆ ಸೋರುವ ಮಾತೂ ಇಲ್ಲ.

ಆದರೆ ಹತ್ತಿರದಿಂದ ನೋಡಿ. ಬತ್ತಿ ಒಂದು ಚೂರು ಜಾಸ್ತಿ ಹೊರಗೆ ಬಂದಿದ್ದರೆ ಕುಡಿಯ ತುದಿ ಹೊಗೆಯಾಡುತ್ತದೆ, ಆ ಹೊಗೆ ನೇರ ಫಲಕಕ್ಕೆ ಹೋಗಿ ದೇವಿಯ ಮುಖಕ್ಕೇ ಮಸಿ ಹಿಡಿಯುತ್ತದೆ. ಮೂಗಿನ ಕೆಳಗೆ, ಕಣ್ಣಿನ ಗೆರೆಯಲ್ಲಿ, ಆನೆಯ ಸೊಂಡಿಲಿನ ಮಡಿಕೆಯಲ್ಲಿ ಕೂತ ಮಸಿ ಬಟ್ಟೆಯಿಂದ ಹೋಗುವುದಿಲ್ಲ. ಹಳೆ ಹಲ್ಲುಜ್ಜುವ ಬ್ರಶ್ ಬೇಕು. ಲಕ್ಷ್ಮಿಯ ಮುಖ ಕಪ್ಪಾದದ್ದನ್ನು ನೋಡಿಕೊಂಡು ಪೂಜೆಗೆ ಕೂರುವುದು ನನಗೆ ಆಗುವುದಿಲ್ಲ. ಬತ್ತಿಯ ತುದಿ ಜೋಳದ ಕಾಳಿನಷ್ಟೇ ಹೊರಗಿದ್ದರೆ ಈ ತೊಂದರೆ ಬಹಳ ಕಡಿಮೆ.

ಇನ್ನೊಂದು ಮಾತನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕಾಮಾಕ್ಷಿ ದೀಪದ ಬೆಳಕು ಒಂದೇ ಕಡೆ ಬೀಳುತ್ತದೆ. ಕುಡಿ ನಮ್ಮ ಕಡೆ ಇದ್ದರೆ ದೇವರ ಮೇಲೆ ಫಲಕದ ನೆರಳು. ಕುಡಿ ದೇವರ ಕಡೆ ಇದ್ದರೆ ನಮಗೆ ಕಾಣುವುದು ಫಲಕದ ಬೆನ್ನು. ನಾವು ಅದನ್ನು ಜಗಲಿಯ ಬದಿಗೆ, ಅಡ್ಡಲಾಗಿ ಇಡುತ್ತೇವೆ. ಆಗ ದೇವರ ಮುಖಕ್ಕೆ ಬದಿಯಿಂದ ಬೆಳಕು ಬೀಳುತ್ತದೆ, ಗಜಲಕ್ಷ್ಮಿಯೂ ಕಾಣುತ್ತಾಳೆ. ಸಮೆಗೆ ಈ ಲೆಕ್ಕಾಚಾರವೇ ಬೇಡ.

ಕೇರಳದ ನಿಲವಿಳಕ್ಕು ನಮ್ಮ ಪರಿಚಯದವರ ಮನೆಯಲ್ಲಿದೆ. ಹಕ್ಕಿ ಇಲ್ಲ, ಕೆತ್ತನೆ ಇಲ್ಲ, ಮೇಲೆ ಚೂಪು ತುದಿ ಅಷ್ಟೇ. ತಟ್ಟೆಗೆ ಸಮೆಯಂತೆ ಹಿಂಡಿದ ಮೂಗುಗಳಿಲ್ಲ, ಬತ್ತಿಯನ್ನು ಅಂಚಿನ ಮೇಲೆ ಮಲಗಿಸಬೇಕು. ಅವರು ಸಂಜೆ ಎರಡು ಬತ್ತಿ, ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಹಾಕಿ ಹಚ್ಚುತ್ತಾರೆ. ತೊಳೆಯಲು ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ನಮ್ಮ ಪದ್ಧತಿಗೆ ಸಮೆಯೇ ಹತ್ತಿರ, ಹಾಗಾಗಿ ನಾನು ಕೊಳ್ಳಲು ಹೋಗಲಿಲ್ಲ.

ತೂಗುದೀಪದ ಕಥೆಯೇ ಬೇರೆ. ಗರ್ಭಗುಡಿಯಲ್ಲಿ ನಂದಾದೀಪ ತೂಗುವುದನ್ನು ನೋಡಿ ಬೆಳೆದವರಿಗೆ ಅದರ ಮೇಲೆ ಒಂದು ಮೋಹ ಇದ್ದೇ ಇರುತ್ತದೆ, ನನಗೂ ಇದೆ. ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯಕ್ಕೆ ಹೋದರೆ ದೀಪಗಳ ಮುಂದಿನಿಂದ ಕಾಲು ಏಳುವುದಿಲ್ಲ. ಮನೆಯಲ್ಲಿ ಇದರ ಲಾಭ ಏನೆಂದರೆ ಮಕ್ಕಳ ಕೈಗೆ, ಬೆಕ್ಕಿನ ಬಾಲಕ್ಕೆ, ಸೆರಗಿಗೆ ಸಿಗುವುದಿಲ್ಲ. ಆದರೆ ಗಟ್ಟಿ ಕೊಂಡಿ ಬೇಕು. ಹಳೆ ಮನೆಯ ತೊಲೆಗೆ ಹಾಕಿದ ಕೊಂಡಿ ಎಷ್ಟು ಭಾರ ಬೇಕಾದರೂ ತಡೆಯುತ್ತದೆ. ಈಗಿನ ಫ್ಲ್ಯಾಟಿನ ದೇವರ ಕಪಾಟಿನಲ್ಲಿ ತೂಗಿಸಿದರೆ ಕುಡಿಯ ಶಾಖ ಮೇಲಿನ ಹಲಗೆಗೆ ತಾಗುತ್ತದೆ, ಅದು ಅಪಾಯ. ಫ್ಯಾನ್ ಹಾಕಿದರೆ ಸರಪಳಿ ನಿಧಾನವಾಗಿ ತಿರುಗುತ್ತಲೇ ಇರುತ್ತದೆ. ಎಣ್ಣೆ ಹಾಕುವಾಗ ಒಂದು ಕೈಯಲ್ಲಿ ತಟ್ಟೆ ಹಿಡಿಯದಿದ್ದರೆ ವಾಲಿ ಚೆಲ್ಲುತ್ತದೆ. ಸರಪಳಿಯ ಪ್ರತಿ ಕೊಂಡಿಯಲ್ಲೂ ಎಣ್ಣೆಹೊಗೆ, ದೂಳು ಸೇರಿ ಜಿಗಟಾಗುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಮ್ಮ ಬಂಧುಗಳ ಮನೆಯಲ್ಲಿ ದೊಡ್ಡ ಪಡಸಾಲೆ, ಮರದ ತೊಲೆ ಇದೆ. ಅಲ್ಲಿ ಅದು ಚೆನ್ನಾಗಿ ಉರಿಯುತ್ತದೆ. ನಮ್ಮ ಸಣ್ಣ ದೇವರ ಕೋಣೆಗೆ ಅದು ಹೊಂದಲಿಲ್ಲ.

ಇಲ್ಲಿಯತನಕ ಹೇಳಿದ್ದು ದಿನನಿತ್ಯ ಹಚ್ಚುವ ದೀಪದ ಮಾತು. ನಿಜವಾದ ಪರೀಕ್ಷೆ ನವರಾತ್ರಿಯಲ್ಲಿ. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಘಟ ಕೂರಿಸುತ್ತಾರೆ. ಮಣ್ಣಿನಲ್ಲಿ ಕಾಳು ಬಿತ್ತಿ, ಮೇಲೆ ದಿನಕ್ಕೊಂದು ಮಾಲೆ ಇಳಿಬಿಟ್ಟು, ಪಕ್ಕದಲ್ಲಿ ದೀಪ ಹಾಕುತ್ತಾರೆ. ಆ ದೀಪ ಒಂಬತ್ತು ದಿನ ಹಗಲೂ ರಾತ್ರಿ ಶಾಂತವಾಗಬಾರದು, ಅಂದರೆ ಆರಬಾರದು. ಹಳೆಯ ಕಾಲದಲ್ಲಿ ದೇವಸ್ಥಾನದ ನಂದಾದೀವಿಗೆಗೆ ರಾಜರು, ಊರವರು ಭೂಮಿ ಬಿಟ್ಟು, ಗಾಣದ ಎಣ್ಣೆಯಲ್ಲಿ ಪಾಲು ಗೊತ್ತುಮಾಡಿ ಶಾಸನ ಹಾಕಿಸುತ್ತಿದ್ದರು. ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಇಂಥ ದಾನ ಬರುತ್ತಲೇ ಇರುತ್ತದೆ. ದೀಪ ಕೊಟ್ಟರೆ ಆಗುವುದಿಲ್ಲ, ಅದು ಆರದಂತೆ ನೋಡಿಕೊಳ್ಳುವ ವ್ಯವಸ್ಥೆಯೂ ಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈ ಒಂಬತ್ತು ದಿನಕ್ಕೆ ಸಮೆಗೆ ಎದುರಾಳಿ ಗಾಜಿನ ಚಿಮಣಿಯ ಅಖಂಡ ದೀಪ. ಹಿತ್ತಾಳೆಯ ದುಂಡು ಬಟ್ಟಲು, ನಡುವೆ ಬತ್ತಿ ನಿಲ್ಲಿಸುವ ಕೊಳವೆ, ಸುತ್ತ ಗಾಜು. ಕೆಳಗಿನ ರಂಧ್ರಗಳಿಂದ ತಂಪು ಗಾಳಿ ಒಳಗೆ ಬರುತ್ತದೆ, ಬಿಸಿಯಾದದ್ದು ಮೇಲಿನಿಂದ ಹೊರಗೆ ಹೋಗುತ್ತದೆ. ಈ ಹರಿವು ಸರಿ ಇದ್ದರೆ ಕುಡಿ ಅಲುಗಾಡುವುದೇ ಇಲ್ಲ. ಬೆಳಗಾವಿಯಲ್ಲಿ ನವರಾತ್ರಿಯ ಬೆಳಗಿನ ಜಾವ ದುರ್ಗಾಮಾತಾ ದೌಡ್, ಅಂದರೆ ದೇವಿಯ ಹೆಸರಿನಲ್ಲಿ ಓಣಿ ಓಣಿ ಸುತ್ತುವ ಓಟ, ಬರುತ್ತದೆ. ಓಣಿಯ ಹೆಂಗಸರು ಬಾಗಿಲು ಪೂರ್ತಿ ತೆಗೆದು ಆರತಿ ಹಿಡಿದು ನಿಲ್ಲುತ್ತಾರೆ. ಆ ಹೊತ್ತಿಗೆ ಬೀಸುವ ಗಾಳಿಗೆ ಸಮೆಯ ಮುಂದೆ ಒಬ್ಬರು ಕೈ ಅಡ್ಡ ಹಿಡಿದು ಕೂರಬೇಕು. ಚಿಮಣಿ ದೀಪಕ್ಕೆ ಅದು ಬೇಡ.

ಆದರೆ ಅದರಲ್ಲೂ ಒಳ್ಳೆಯದು ಕೆಟ್ಟದ್ದು ಇದೆ. ಕಡಿಮೆ ದರದ್ದರಲ್ಲಿ ರಂಧ್ರಗಳು ಸಣ್ಣ, ಹೂವಿನ ಎಸಳು ಒಂದು ಬಿದ್ದು ಮುಚ್ಚಿದರೂ ಕುಡಿ ಕಂಗೆಡುತ್ತದೆ. ನಾವು ಮೊದಲು ತಂದದ್ದು ಸಾದಾ ಗಾಜಿನದು. ಘಟಕ್ಕೆ ಹಾಕಿದ ಒದ್ದೆ ಮಾಲೆ ಜೋತು ಬಿಸಿ ಗಾಜಿಗೆ ತಾಗಿದ್ದೇ ತಡ, ಚಟ್ ಅಂತ ಉದ್ದಕ್ಕೂ ಬಿರುಕು ಬಿಟ್ಟಿತು. ಶಾಖ ತಡೆಯುವ ಬೊರೊಸಿಲಿಕೇಟ್ ಗಾಜಿನದ್ದಕ್ಕೆ ಹಣ ಜಾಸ್ತಿ, ಆದರೆ ಈ ಕೆಲಸಕ್ಕೆ ಅದೇ ಬೇಕು. ಗಾಜು ಎತ್ತದೆ ಎಣ್ಣೆ ಹಾಕಲು ಬದಿಯಲ್ಲಿ ದಾರಿ ಇದೆಯೇ ನೋಡಿ. ಬಿಸಿ ಗಾಜನ್ನು ದಿನಕ್ಕೆ ನಾಲ್ಕಾರು ಸಲ ಎತ್ತಿ ಇಡುವುದು ಕೈಗೂ ಕಷ್ಟ, ದೀಪಕ್ಕೂ ಅಪಾಯ.

ಸಮೆಯ ಕಡೆ ಒಂದು ಬಲವಾದ ಅಂಶ ಉಳಿದಿದೆ, ಅದು ಬತ್ತಿ ಬದಲಿಸುವುದು. ಒಂಬತ್ತು ದಿನದಲ್ಲಿ ಬತ್ತಿ ಸುಟ್ಟು ಕರಿಗಟ್ಟಿ ಎಣ್ಣೆ ಹೀರುವುದನ್ನು ಬಿಡುತ್ತದೆ. ಸಮೆಯಲ್ಲಿ ಪಕ್ಕದ ಮೂಗಿಗೆ ಹೊಸ ಬತ್ತಿ ಹಾಕಿ, ಉರಿಯುವ ಕುಡಿಯಿಂದಲೇ ಅದನ್ನು ಹಚ್ಚಿ, ಅದು ನಿಂತ ಮೇಲೆ ಹಳೆಯದನ್ನು ಶಾಂತ ಮಾಡಬಹುದು. ಜ್ಯೋತಿ ಒಂದು ಕ್ಷಣವೂ ತಪ್ಪುವುದಿಲ್ಲ. ಚಿಮಣಿ ದೀಪದ ಒಂದೇ ಕೊಳವೆಯಲ್ಲಿ ಇದು ಆಗುವುದಿಲ್ಲ, ಜ್ಯೋತಿಯನ್ನು ನೀಲಾಂಜನಕ್ಕೆ ಇಳಿಸಿ ಮತ್ತೆ ಏರಿಸಬೇಕು. ಹಾಗಾಗಿ ನಾವು ಈಗ ಎರಡನ್ನೂ ಇಡುತ್ತೇವೆ. ಅಖಂಡ ಜ್ಯೋತಿ ಗಾಜಿನೊಳಗೆ, ಪೂಜೆಯ ಹೊತ್ತಿಗೆ ಪಕ್ಕದಲ್ಲಿ ಸಮೆ.

ನೀಲಾಂಜನ ಈ ಸ್ಪರ್ಧೆಯಲ್ಲಿಲ್ಲ. ಅದು ತುಪ್ಪದ ಹೂಬತ್ತಿಗೆ, ಆರತಿಗೆ. ಆ ಜಾಗಕ್ಕೆ ಬೇರೆ ಯಾವುದೂ ಬರುವುದಿಲ್ಲ. ತುಪ್ಪದ ದೀಪ ದೇವರ ಬಲಕ್ಕೆ, ಎಣ್ಣೆಯದು ಎಡಕ್ಕೆ ಎಂಬುದು ನಮ್ಮ ರೂಢಿ. ಡಿಸೆಂಬರ್ ಚಳಿಗೆ ತುಪ್ಪ ಗಟ್ಟಿಯಾಗಿ ಬತ್ತಿಗೆ ಏರುವುದಿಲ್ಲ. ಹೂಬತ್ತಿಯನ್ನು ಮೊದಲೇ ಕರಗಿದ ತುಪ್ಪದಲ್ಲಿ ಅದ್ದಿಟ್ಟುಕೊಂಡರೆ ಸರಿಯಾಗುತ್ತದೆ.

ಎಣ್ಣೆಯ ವಿಷಯಕ್ಕೆ ಬಂದರೆ ದೀಪದ ಹೋಲಿಕೆಯೇ ಬದಲಾಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಕುಸುಬಿ ಬೆಳೆ ಇರುವುದರಿಂದ ದೀಪಕ್ಕೂ ಕುಸುಬಿ ಎಣ್ಣೆ ಹಾಕುವ ಮನೆಗಳಿವೆ. ಬೆಳಕು ಚೆನ್ನಾಗಿದೆ. ಆದರೆ ಕುಸುಬಿ ಎಣ್ಣೆಗೆ ಗಾಳಿ ತಾಗಿ ಒಣಗಿ ಪೊರೆ ಕಟ್ಟುವ ಗುಣ ಇದೆ, ಬಣ್ಣ ತಯಾರಿಸುವವರೂ ಅದನ್ನು ಬಳಸುತ್ತಾರೆ. ಅದೇ ಗುಣ ದೀಪಕ್ಕೆ ಕಾಟ. ತಟ್ಟೆಯ ಅಂಚಿನಲ್ಲಿ, ತಿರುಪಿನ ಸಂದಿಯಲ್ಲಿ ಹಳದಿ ಅಂಟಿನಂತೆ ಹಿಡಿದು ಕೂರುತ್ತದೆ. ಸಮೆ ಬಿಚ್ಚಲೇ ಬಾರದಷ್ಟು ಬಿಗಿಯಾಗುತ್ತದೆ, ಬಿಸಿನೀರಿನಲ್ಲಿ ಇಟ್ಟ ಮೇಲೇ ಸಡಿಲ. ತಿರುಪಿಲ್ಲದ ಕಾಮಾಕ್ಷಿಗೆ ಕುಸುಬಿ ಎಣ್ಣೆ ನಡೆಯುತ್ತದೆ. ಔಡಲ ಎಣ್ಣೆ ದಪ್ಪ, ಬತ್ತಿಗೆ ನಿಧಾನವಾಗಿ ಏರುತ್ತದೆ. ಕುಡಿ ಸಣ್ಣದು, ಆದರೆ ಬಹಳ ಹೊತ್ತು ಬರುತ್ತದೆ. ಅಗಲ ತಟ್ಟೆಯ ಸಮೆಗೆ ಎಳ್ಳೆಣ್ಣೆಗೆ ಸ್ವಲ್ಪ ಔಡಲ ಬೆರೆಸಿ ಹಾಕಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು.

ತಿಕ್ಕುವ ಕೆಲಸದಲ್ಲಿ ಊರಿನ ಹವೆಯೂ ಸೇರುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಹಿತ್ತಾಳೆ ವಾರದೊಳಗೆ ಮಂಕಾಗುತ್ತದೆ, ಎಣ್ಣೆ ನಿಂತ ಕಡೆ ಹಸಿರು ಕಿಲುಬು ಬರುತ್ತದೆ. ವಿಜಯಪುರದ ಒಣ ಹವೆಯಲ್ಲಿ ಅದೇ ದೀಪ ತಿಂಗಳುಗಟ್ಟಲೆ ಹೊಳೆಯುತ್ತದೆ, ಅಲ್ಲಿ ದೂಳಿನದ್ದೇ ಚಿಂತೆ. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿ ಕೂಡಲೇ ತೊಳೆದು ಒಣ ಬಟ್ಟೆಯಿಂದ ಒರೆಸಿ. ಹುಳಿ ಹಚ್ಚಿ ಹಾಗೇ ಬಿಟ್ಟರೆ ಅಲ್ಲಲ್ಲಿ ಗುಲಾಬಿ ಕಲೆ ಕಾಣುತ್ತದೆ. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಇರುವ ಸತು ಮೇಲ್ಮೈಯಿಂದ ಕರಗಿಹೋಗಿ ತಾಮ್ರ ಮಾತ್ರ ಉಳಿದ ಗುರುತು ಅದು. ನಾಗರ ಅಮಾವಾಸ್ಯೆಗೆ ಎಲ್ಲಾ ದೀಪ ಇಳಿಸಿ ತೊಳೆದು ಪೂಜೆ ಮಾಡುವ ಪದ್ಧತಿ ಎಷ್ಟು ಒಳ್ಳೆಯದು ಅಂದರೆ, ಮಳೆಗಾಲದ ನಡುವೆ, ಹಬ್ಬಗಳ ಸಾಲು ಶುರುವಾಗುವ ಮೊದಲು ದೀಪಗಳಿಗೆ ಒಂದು ಪೂರ್ತಿ ದಿನ ಸಿಗುತ್ತದೆ.

ಒಂದೇ ದೀಪ ಕೊಳ್ಳುವವರು ಕೇಳಿದರೆ ನಾನು ಸಮೆ ಎನ್ನುತ್ತೇನೆ, ಎರಕದ್ದು, ಮುಕ್ಕಾಲು ಅಡಿಯಿಂದ ಒಂದು ಅಡಿ ಎತ್ತರದ್ದು. ದಿನಕ್ಕೂ ಆಗುತ್ತದೆ, ಹಬ್ಬಕ್ಕೂ ಆಗುತ್ತದೆ. ಕಿಟಕಿ ಪಕ್ಕದ ಜಗಲಿ, ಕೆಲಸಕ್ಕೆ ಹೋಗುವ ಅವಸರದ ಮನೆ ಆದರೆ ಕಾಮಾಕ್ಷಿ. ಘಟ ಕೂರಿಸುವವರು ಚಿಮಣಿ ದೀಪವನ್ನು ಜೊತೆಗಿಟ್ಟುಕೊಳ್ಳಿ. ತೂಗುದೀಪ, ತೊಲೆ ಇರುವವರಿಗೆ.

ಅಂಗಡಿಗೆ ಹೋಗುವಾಗ ಒಂದು ಸಣ್ಣ ಅಯಸ್ಕಾಂತ ಇರಲಿ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ ಇದೆ. ಪೀಠವನ್ನು ತಿರುವಿ ನೋಡಿ: ತೆಳು ತಗಡು ಬಾಗಿಸಿದ್ದೋ, ಎರಕ ಹೊಯ್ದದ್ದೋ ಕೈಯ ಭಾರದಲ್ಲೇ ಗೊತ್ತಾಗುತ್ತದೆ. ಮೇಲೆ ಮಿಂಚುವ ಲೇಪ ಇದ್ದರೆ ಕುಡಿಯ ಶಾಖಕ್ಕೆ ಮೂಗಿನ ಹತ್ತಿರ ಸುಟ್ಟು ಕಪ್ಪಾಗುತ್ತದೆ, ಲೇಪ ಇಲ್ಲದ್ದನ್ನೇ ಕೇಳಿ. ಆಮೇಲೆ ಸಮೆಯ ಭಾಗಗಳನ್ನು ಬಿಗಿಯಾಗಿ ಕೂಡಿಸಿ, ತಟ್ಟೆ ತುಂಬ ನೀರು ಹಾಕಿಸಿ, ಬೇರೆ ದೀಪ ನೋಡುತ್ತ ಹತ್ತು ನಿಮಿಷ ಅಲ್ಲೇ ಇರಿ. ತಟ್ಟೆಯ ಕೆಳಗೆ ಬೆರಳಾಡಿಸಿದಾಗ ಒದ್ದೆ ಹತ್ತದಿದ್ದರೆ ತೂಕಕ್ಕೆ ಹಾಕಿಸಿ.